ಅಂಕುರ, ಮೊಳಕೆ ಮತ್ತು ‘ಅಜ’ ಶಬ್ದದ ಅರ್ಥ

(ಪ್ರತಿಷ್ಠಾ ಮಹೋತ್ಸವದ ಅಂಕುರಾರ್ಪಣೆಯ ದಿನ ಸಾಯಂಕಾಲದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಈ ಸಭೆಯಲ್ಲಿ ಶಾಸ್ತ್ರವನ್ನು ಬಲ್ಲ ಪಂಡಿತರು ಅನೇಕರಿದ್ದಾರೆ. ಹತ್ತನೆಯ ತರಗತಿಗೆ ಓದು ನಿಲ್ಲಿಸಿ ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಶೇಂಗಾ ವ್ಯಾಪಾರಕ್ಕೆ ಕುಳಿತ ನನ್ನಂಥವನಿಗೆ ಸಮಿತಿಯವರು ಮಾತನಾಡಲು ಹೇಳಿದ್ದೇಕೆಂದು ನಾನೇ ಆಲೋಚಿಸಿದೆ. ವಿಷಯವು ಬೀಜದ್ದಾದುದರಿಂದ ಬೀಜವನ್ನು ತೂಗುವವನೇ ಹೇಳಲಿ ಎಂದು ಅವರ ಅಭಿಪ್ರಾಯವಿರಬೇಕು. ನಾನು ಹೇಳುವುದರಲ್ಲಿ ಶಾಸ್ತ್ರದ ಭಾಗವೆಲ್ಲ ಸ್ವಾಧ್ಯಾಯದಲ್ಲಿ ಹಿರಿಯರ ಬಳಿ ಕುಳಿತು ಕೇಳಿದ್ದು. ಅಂಗಡಿಯ ಭಾಗ ಮಾತ್ರ ನನ್ನದು.

ಇಂದು ಬೆಳಿಗ್ಗೆ ಮೃತ್ತಿಕಾ ಸಂಗ್ರಹಣೆಯಾಗಿ, ಮಣ್ಣಿನ ಕುಡಿಕೆಗಳಲ್ಲಿ ಧಾನ್ಯಗಳನ್ನು ಬಿತ್ತಿ ಅಂಕುರಾರ್ಪಣೆ ಮಾಡಿದೆವು. ಅದನ್ನು ನೋಡಿದ ನಮ್ಮ ತರುಣರಲ್ಲಿ ಕೆಲವರು ಒಂದು ಪ್ರಶ್ನೆಯನ್ನೆತ್ತಿದರು. ಅಷ್ಟಮಿ ಚತುರ್ದಶಿಗಳಲ್ಲಿ ನಮ್ಮ ಅನೇಕ ಮನೆಗಳಲ್ಲಿ ಮೊಳಕೆಕಾಳಿನ ಪಲ್ಯ ಮಾಡುವುದಿಲ್ಲ. ಮೊಳೆತ ಕಾಳಿನಲ್ಲಿ ಜೀವವಿದೆಯೆಂದು ಹೇಳಿ ಬಿಡುತ್ತೇವೆ. ಹಾಗಿರುವಾಗ ಬಸದಿಯ ಪ್ರತಿಷ್ಠೆಗೆ ಮೊದಲು ನಾವೇ ಬೀಜವನ್ನು ಮೊಳೆಯಿಸುವುದು ಏಕೆ? ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲು ‘ಮೊಳೆಯುವುದು’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಕನ್ನಡದಲ್ಲಿ ಮೂಲಪದ ಮೊಳೆ. ಅದರಿಂದ ಮೊಳಕೆ, ಮೊಳೆತ. ನಮ್ಮ ಗಡಿಯಾಚೆ ರಾಯದುರ್ಗ, ಕಲ್ಯಾಣದುರ್ಗದವರು ತೆಲುಗಿನಲ್ಲಿ ಮೊಲಕ ಎನ್ನುತ್ತಾರೆ. ತಮಿಳಿನವರು ಮುಳೈ ಎನ್ನುತ್ತಾರೆ. ಮನೆಗೆ ಬಡಿಯುವ ಕಬ್ಬಿಣದ ಮೊಳೆಗೂ, ಹಿಂದೆ ಮುದ್ರಣಾಲಯಗಳಲ್ಲಿ ಜೋಡಿಸುತ್ತಿದ್ದ ಅಚ್ಚಿನ ಮೊಳೆಗೂ ಇದೇ ಹೆಸರು. ಚೂಪಾಗಿ ಮುಂದಕ್ಕೆ ಚಾಚಿಕೊಂಡಿರುವುದು ಎಂಬ ಭಾವ ಎರಡರಲ್ಲಿಯೂ ಇದೆಯೆಂದು ನನಗೆ ತೋರುತ್ತದೆ. ಚಿಗುರು ಎಂಬುದು ಬೇರೆ. ಬೇಸಿಗೆಯಲ್ಲಿ ಬೇವಿನ ಮರ ಚಿಗುರುತ್ತದೆ, ಮೊಳೆಯುವುದಿಲ್ಲ. ಇದ್ದ ಮರದಲ್ಲಿ ಹೊಸ ಎಲೆ ಬಂದರೆ ಚಿಗುರು. ಇಲ್ಲದ ಗಿಡ ಬೀಜದಿಂದ ಹೊರಟರೆ ಮೊಳಕೆ. ಸಂಸ್ಕೃತದ ಅಂಕುರವನ್ನು ನಾವು ಪೂಜೆಗೂ ಕಾವ್ಯಕ್ಕೂ ಇಟ್ಟುಕೊಂಡಿದ್ದೇವೆ. ಅಡುಗೆಮನೆಯಲ್ಲಿ ಹುರುಳಿಯ ಅಂಕುರದ ಸಾರು ಎಂದು ಯಾರೂ ಹೇಳುವುದಿಲ್ಲ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ ಮಾತು ನನ್ನಿವಾಳದ ಸುತ್ತಿನ ರೈತರದು. ನನ್ನಿವಾಳವು ಮ್ಯಾಸನಾಯಕರ ಕಟ್ಟೆಮನೆಯ ಊರು, ದೇವರ ಎತ್ತುಗಳನ್ನು ಸಾಕುವ ಸೀಮೆ. ಅಲ್ಲಿಯ ರೈತರು ಬಿತ್ತಿದ ಎಂಟು ಹತ್ತು ದಿನಗಳ ಮೇಲೆ ಸಿಕ್ಕರೆ ಬೀಜ ಮೊಳೆಯಿತೇ ಎಂದು ಕೇಳಿಕೊಳ್ಳುವುದಿಲ್ಲ, ‘ಹುಟ್ಟಿದವಾ?’ ಎಂದು ಕೇಳಿಕೊಳ್ಳುತ್ತಾರೆ. ಹಸುವಿಗೆ ಕರು ಹುಟ್ಟಿತು, ಮನೆಯಲ್ಲಿ ಮಗು ಹುಟ್ಟಿತು, ಹೊಲದಲ್ಲಿ ಬೀಜ ಹುಟ್ಟಿತು. ಮೂರಕ್ಕೂ ಒಂದೇ ಕ್ರಿಯಾಪದ. ಏಕೇಂದ್ರಿಯ ಜೀವವೆಂಬ ಶಬ್ದವನ್ನು ಅವರು ಕೇಳಿರಲಾರರು. ಆದರೆ ವನಸ್ಪತಿಯಲ್ಲಿ ಜನ್ಮವಿದೆ ಎಂಬ ಸಿದ್ಧಾಂತವು ಅವರ ಬಾಯಲ್ಲಿ ದಿನಬಳಕೆಯ ಮಾತಾಗಿ ಕುಳಿತಿದೆ.

ಈ ‘ಹುಟ್ಟು’ ಎಂಬ ಮಾತಿನಿಂದಲೇ ನಮ್ಮ ಪುರಾಣಗಳ ಒಂದು ದೊಡ್ಡ ವಿವಾದ ಎದ್ದಿತು. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿಯೂ, 783ರಲ್ಲಿ ಮುಗಿದ ಜಿನಸೇನಾಚಾರ್ಯರ ಹರಿವಂಶಪುರಾಣದಲ್ಲಿಯೂ, ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿಯೂ ಆ ಕಥೆ ಬರುತ್ತದೆ. ಹಿರಿಯರಿಗೆ ಗೊತ್ತಿರುವುದೇ, ಮಕ್ಕಳಿಗಾಗಿ ಹೇಳುತ್ತೇನೆ.

ಕ್ಷೀರಕದಂಬನೆಂಬ ಗುರು. ಅವನ ಬಳಿ ಮೂವರು ಕಲಿತರು: ರಾಜಪುತ್ರನಾದ ವಸು, ನಾರದ, ಗುರುವಿನ ಸ್ವಂತ ಮಗನಾದ ಪರ್ವತ. ಕಾಲಾನಂತರ ಗುರು ದೀಕ್ಷೆ ತೆಗೆದುಕೊಂಡನು, ವಸು ರಾಜನಾದನು, ಪರ್ವತ ತಂದೆಯ ಸ್ಥಾನದಲ್ಲಿ ಕುಳಿತು ಶಿಷ್ಯರಿಗೆ ಪಾಠ ಹೇಳತೊಡಗಿದನು. ಒಮ್ಮೆ ನಾರದ ಅಲ್ಲಿಗೆ ಬಂದಾಗ ಪಾಠದಲ್ಲಿ ‘ಅಜ’ಗಳಿಂದ ಯಜ್ಞ ಮಾಡಬೇಕೆಂಬ ವಾಕ್ಯದ ವಿವರಣೆ ನಡೆದಿತ್ತು. ಅಜವೆಂದರೆ ಆಡು ಎಂದು ಪರ್ವತ ಹೇಳಿದನು. ನಾರದ ತಡೆದನು. ಗುರುಗಳು ನಮಗೆ ಹೇಳಿಕೊಟ್ಟದ್ದು ಹಾಗಲ್ಲ. ಅಜವೆಂದರೆ ಹುಟ್ಟದ್ದು, ಎಂದರೆ ಮೂರು ವರ್ಷ ಹಳೆಯದಾಗಿ ಮೊಳೆಯುವ ಶಕ್ತಿಯನ್ನು ಕಳೆದುಕೊಂಡ ಧಾನ್ಯ, ಎಂದನು. ಮಾತಿಗೆ ಮಾತು ಬೆಳೆದು, ಸೋತವನ ನಾಲಗೆಯನ್ನು ಕತ್ತರಿಸಬೇಕೆಂಬ ಪಣದವರೆಗೆ ಹೋಯಿತು. ಮೂರನೆಯ ಸಹಪಾಠಿಯಾದ ವಸುರಾಜನೇ ತೀರ್ಪು ಹೇಳಬೇಕೆಂದಾಯಿತು.

ವಸುವಿನ ಸಿಂಹಾಸನದ ಕೆಳಗೆ ಆಕಾಶಸ್ಫಟಿಕದ ಆಧಾರವಿತ್ತು. ಅದು ಕಣ್ಣಿಗೆ ಕಾಣುತ್ತಿರಲಿಲ್ಲ. ಆದುದರಿಂದ ಅವನು ಸತ್ಯದ ಬಲದಿಂದ ಅಂತರಿಕ್ಷದಲ್ಲಿ ಕುಳಿತಿದ್ದಾನೆಂದು ಪ್ರಜೆಗಳು ನಂಬಿದ್ದರು. ತೀರ್ಪಿನ ಹಿಂದಿನ ದಿನ ಪರ್ವತನ ತಾಯಿ ವಸುವಿನ ಬಳಿಗೆ ಬಂದು, ನೀನು ಗುರುದಕ್ಷಿಣೆ ಕೊಡಬೇಕಾದದ್ದು ಉಳಿದಿದೆ, ನನ್ನ ಮಗನ ಪಕ್ಷವನ್ನು ಹಿಡಿ ಎಂದು ಬೇಡಿಕೊಂಡಳು. ವಸು ಒಪ್ಪಿದನು. ಮರುದಿನ ತುಂಬಿದ ಸಭೆಯಲ್ಲಿ ಪರ್ವತ ಹೇಳಿದ್ದೇ ಗುರುವಿನ ಅರ್ಥ ಎಂದನು. ಆ ಕ್ಷಣದಲ್ಲಿ ಸಿಂಹಾಸನ ನೆಲದಲ್ಲಿ ಕುಸಿಯಿತು. ವಸು ನರಕಕ್ಕೆ ಹೋದನು. ಹಿಂಸಾಯಜ್ಞಕ್ಕೆ ದಾರಿ ತೆರೆದದ್ದು ಇಲ್ಲಿಂದಲೇ ಎಂದು ಪುರಾಣಕಾರರು ಹೇಳುತ್ತಾರೆ. ಮಹಾಭಾರತದ ಶಾಂತಿಪರ್ವದಲ್ಲಿಯೂ ಉಪರಿಚರ ವಸುವಿನ ಕಥೆಯಲ್ಲಿ ಇದೇ ಶಬ್ದದ ಇದೇ ವಿವಾದ ಬರುತ್ತದೆ. ಅಲ್ಲಿಯೂ ಋಷಿಗಳು ಅಜವೆಂದರೆ ಬೀಜವೆಂದೇ ವಾದಿಸುತ್ತಾರೆ.

ಈ ಕಥೆಯಲ್ಲಿ ನನ್ನ ಗಮನ ಸೆಳೆದ ಅಂಶ ಒಂದಿದೆ. ವಸುವಿಗೆ ಅರ್ಥ ಗೊತ್ತಿರಲಿಲ್ಲವೆಂದಲ್ಲ. ಅವನು ಹಣಕ್ಕೂ ಆಸೆಪಡಲಿಲ್ಲ, ಯಾರಿಗೂ ಹೆದರಲೂ ಇಲ್ಲ. ಗುರುಪತ್ನಿಯ ದಾಕ್ಷಿಣ್ಯಕ್ಕೆ ಸಿಕ್ಕಿ ಸುಳ್ಳು ಹೇಳಿದನು. ಪರ್ವತನಾದರೋ ತನ್ನ ತಿಳಿವಳಿಕೆಯಲ್ಲಿ ತಪ್ಪಿದವನು. ವಸು ತಿಳಿದೂ ತಪ್ಪಿದವನು. ಸಿಂಹಾಸನ ಕುಸಿದದ್ದು ವಸುವಿನದು. ವ್ಯಾಪಾರಿಗಳಾದ ನಾವು ಈ ಭಾಗವನ್ನು ನೆನಪಿನಲ್ಲಿಡಬೇಕು. ಅದಕ್ಕೆ ಮುಂದೆ ಬರುತ್ತೇನೆ.

ನಾರದನು ಮೂರು ವರ್ಷವೆಂದು ಹೇಳಿದ ಲೆಕ್ಕ ಎಲ್ಲಿಂದ ಬಂತು? ಶ್ವೇತಾಂಬರ ಆಗಮವಾದ ಭಗವತೀಸೂತ್ರದಲ್ಲಿ ಇದಕ್ಕೆ ಒಂದು ಪಟ್ಟಿಯೇ ಇದೆ. ಕಣಜದಲ್ಲಿ ತುಂಬಿ, ಬಾಯಿ ಮುಚ್ಚಿ, ಸಗಣಿ ಮಣ್ಣುಗಳಿಂದ ಮೆತ್ತಿ ಮುದ್ರೆ ಹಾಕಿಟ್ಟ ಧಾನ್ಯದಲ್ಲಿ ಹುಟ್ಟುವ ಶಕ್ತಿ ಹೆಚ್ಚೆಂದರೆ ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಅದು. ಭತ್ತ, ಗೋಧಿ, ಜವೆ ಇವಕ್ಕೆ 3 ವರ್ಷ. ಮಸೂರ, ಎಳ್ಳು, ಹೆಸರು, ಉದ್ದು, ಹುರುಳಿ ಮೊದಲಾದುವಕ್ಕೆ 5 ವರ್ಷ. ಅಗಸೆ, ಕುಸುಬೆ, ಹಾರಕ, ನವಣೆ, ಸಾಸಿವೆ ಮೊದಲಾದುವಕ್ಕೆ 7 ವರ್ಷ. ಆ ಶಕ್ತಿ ಹೋದ ಮೇಲೆ ಬೀಜವು ಅಬೀಜವಾಗುತ್ತದೆ. ಇದನ್ನು ಮೊದಲು ಕೇಳಿದಾಗ ನನಗೆ ಆಶ್ಚರ್ಯವಾಯಿತು. ಭತ್ತಕ್ಕಿಂತ ನವಣೆ ಹಾರಕಗಳು ಹೆಚ್ಚು ಕಾಲ ಕೆಡದೆ ನಿಲ್ಲುತ್ತವೆ ಎಂಬುದು ನಮ್ಮ ಬಯಲುಸೀಮೆಯ ಮನೆಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ಆಗಮವನ್ನು ಹೇಳಿದವರು ಕಣಜದೊಳಗೆ ಇಣುಕಿ ನೋಡಿದವರು ಎಂಬುದರಲ್ಲಿ ಸಂದೇಹವಿಲ್ಲ. ಇಸ್ರೇಲಿನ ಮಸಾದಾ ಕೋಟೆಯಲ್ಲಿ ಸಿಕ್ಕಿದ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆಯಿತೆಂಬುದೂ ನಿಜವೇ. ಮರುಭೂಮಿಯ ಒಣಗಾಳಿಯಲ್ಲಿ ಹಾಗಾಗಬಹುದು. ನಮ್ಮ ಗೋದಾಮಿನಲ್ಲಿ ಆಗುವುದಿಲ್ಲ.

ಬೀಜದೊಳಗೆ ಏನು ನಡೆಯುತ್ತದೆ ಎಂಬುದಕ್ಕೆ ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಒಂದು ಗಾಹೆಯಲ್ಲಿ ಉತ್ತರ ಕೊಟ್ಟಿದ್ದಾರೆ. ಚಾವುಂಡರಾಯನ ಗುರುಗಳಾದ ಅವರ ಆ ಗ್ರಂಥಕ್ಕೆ 1359ರಲ್ಲಿ ಕೇಶವವರ್ಣಿಗಳು ನಮ್ಮ ಕನ್ನಡದಲ್ಲಿಯೇ ವೃತ್ತಿ ಬರೆದಿರುವುದು ನಮಗೆ ಅಭಿಮಾನದ ವಿಷಯ. ಗಾಹೆಯ ತಾತ್ಪರ್ಯವಿಷ್ಟು: ಬೀಜವು ಯೋನಿಯಾಗಿ ಇರುವವರೆಗೆ ಅದರಲ್ಲಿ ಜೀವವು ಬಂದು ಜನಿಸುತ್ತದೆ, ಆ ಜೀವವು ಮೊದಲು ಆ ಬೀಜದಲ್ಲಿ ಇದ್ದದ್ದೇ ಆಗಿರಬಹುದು, ಬೇರೆ ಜೀವವೂ ಆಗಿರಬಹುದು. ಮಣ್ಣು, ನೀರು, ಕಾಲ ಮೊದಲಾದ ನಿಮಿತ್ತಗಳು ಕೂಡಿದಾಗ ಅದು ನಡೆಯುತ್ತದೆ. ಎಂದರೆ ಬೀಜವು ಒಂದು ಮನೆ. ಮನೆ ಗಟ್ಟಿಯಾಗಿದ್ದರೆ ಹಳೆಯ ಒಕ್ಕಲೋ ಹೊಸ ಒಕ್ಕಲೋ ಬಂದು ನಿಲ್ಲುತ್ತದೆ. ಮನೆ ಬಿದ್ದರೆ ಯಾರೂ ಬರುವುದಿಲ್ಲ. ಈ ಉಪಮೆ ನನ್ನದು, ದೋಷವಿದ್ದರೆ ಪಂಡಿತರು ತಿದ್ದಬೇಕು.

ಇನ್ನು ನಮ್ಮ ಶೇಂಗಾಕ್ಕೆ ಬರೋಣ. ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಆದುದರಿಂದ ಆಗಮದ ಪಟ್ಟಿಯಲ್ಲಿ ಅದನ್ನು ಹುಡುಕಬೇಕಾಗಿಲ್ಲ. ಮಳೆ ಅತಿ ಕಡಿಮೆಯಾದ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಅದು ಅನ್ನ ಹಾಕಿತು; ಒಂದು ಕಾಲದಲ್ಲಿ ಚಳ್ಳಕೆರೆಯನ್ನು ಎಣ್ಣೆಗಿರಣಿಗಳ ಊರನ್ನಾಗಿ ಮಾಡಿತು. ಈ ಬೆಳೆಯಲ್ಲಿ ಮೊಳಕೆಯೆಂಬ ಮಾತಿಗೆ ಎರಡು ಮುಖಗಳಿವೆ.

ತಿಂಡಿವನದ ಸಂಶೋಧನಾ ಕೇಂದ್ರದಿಂದ 1940ರಲ್ಲಿ ಬಂದ ಟಿ.ಎಂ.ವಿ.-2 ತಳಿಯನ್ನು ನಮ್ಮ ರೈತರು ಬಹುಕಾಲದಿಂದ ಬೆಳೆದುಕೊಂಡು ಬಂದಿದ್ದಾರೆ. ಈಚೆಗೆ ಕದಿರಿಯ ತಳಿಗಳೂ ಬಂದಿವೆ. ಇಂಥ ಗೊಂಚಲು ಶೇಂಗಾದ ಕಾಯಿಗೆ ಬಲಿತ ಮೇಲೆ ನಿದ್ರೆಯಿಲ್ಲ. ಹಬ್ಬುಶೇಂಗಾದ ಬೀಜ ಕಿತ್ತ ಮೇಲೆ ಕೆಲವು ಕಾಲ ಮಲಗಿರುತ್ತದೆ, ಇದು ಹಾಗಲ್ಲ. ಬೆಳೆ ಬಲಿತಿರುವಾಗ ಚಿತ್ತೆಯ ಮಳೆಯೋ ಸ್ವಾತಿಯ ಮಳೆಯೋ ಹಿಡಿದುಕೊಂಡರೆ ನೆಲದಲ್ಲಿರುವಾಗಲೇ, ಕಾಯಿಯೊಳಗೇ ಮೊಳಕೆ ಒಡೆಯುತ್ತದೆ. ಆಗ ಮಾರುಕಟ್ಟೆಗೆ ಬಂದ ಚೀಲಕ್ಕೆ ಕೈ ಹಾಕಿ ನಾವು ‘ಮೊಳಕೆ ಮಾಲು’ ಎನ್ನುತ್ತೇವೆ, ಬೆಲೆ ಇಳಿಸುತ್ತೇವೆ. ಮುಂಗಾರಿನಲ್ಲಿ ಮೊಳಕೆ ಬಂದರೆ ರೈತನಿಗೆ ಭಾಗ್ಯ, ಹಿಂಗಾರಿನಲ್ಲಿ ಬಂದರೆ ನಷ್ಟ. ಜೀವವು ಕಾಲವನ್ನು ನೋಡಿ ಹುಟ್ಟುವುದಿಲ್ಲ, ನಿಮಿತ್ತ ಕೂಡಿದಾಗ ಹುಟ್ಟುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಎರಡನೆಯ ಮುಖವೇ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ಎಣ್ಣೆ ಹೆಚ್ಚಿರುವ ಬೀಜವಾದುದರಿಂದ ಶೇಂಗಾ ಬೇಗ ‘ಅಜ’ವಾಗುತ್ತದೆ. ಸಿಪ್ಪೆಯೊಳಗೆ ಒಣಗಿಸಿಟ್ಟ ಕಾಯಿ ಮುಂದಿನ ಬಿತ್ತನೆಯವರೆಗೆ ಶಕ್ತಿ ಉಳಿಸಿಕೊಳ್ಳುತ್ತದೆ. ಒಡೆದಿಟ್ಟ ಬೀಜ ಬಿಸಿಲಿಗೆ, ತೇವಕ್ಕೆ, ಯಂತ್ರದ ಪೆಟ್ಟಿಗೆ ಸಿಕ್ಕಿ ಬೇಗ ಸಾಯುತ್ತದೆ. ಕೆಂಪು ಹೊಟ್ಟು ಸುಲಿದ, ಮೂತಿ ಮುರಿದ ಬೀಜ ಗಾಣಕ್ಕೆ ಸರಿ, ಕೂರಿಗೆಗೆ ಸರಿಯಲ್ಲ. ಆದರೆ ಚೀಲದಲ್ಲಿ ತುಂಬಿದರೆ ಸತ್ತ ಬೀಜವೂ ಬದುಕಿದ ಬೀಜವೂ ಒಂದೇ ತೂಕ, ಹೆಚ್ಚುಕಡಿಮೆ ಒಂದೇ ಬಣ್ಣ. ವ್ಯತ್ಯಾಸ ತಿಳಿಯುವುದು ಮಣ್ಣಿಗೆ ಮಾತ್ರ.

ಕೆಲವು ವರ್ಷಗಳ ಹಿಂದೆ ನನ್ನಿವಾಳದ ಕಡೆಯ ವೃದ್ಧ ರೈತರೊಬ್ಬರು ನನ್ನ ಅಂಗಡಿಗೆ ಬಂದು ಟವಲಿನ ಗಂಟನ್ನು ಬಿಚ್ಚಿದರು. ಒಳಗೆ ಮಣ್ಣು ಮೆತ್ತಿದ ಒಂದು ಹಿಡಿ ಶೇಂಗಾ ಬೀಜ. ಉಬ್ಬಿ, ಕಪ್ಪಾಗಿ, ಕೊಳೆತಿದ್ದವು. “ಹುಟ್ಲಿಲ್ಲ ಸಾವ್ಕಾರ್ರೆ. ಮೂರು ಎಕರೇಲಿ ಅಲ್ಲೊಂದು ಇಲ್ಲೊಂದು ಐತೆ” ಎಂದರು. ಬೇರೆ ಕಡೆ ತಂದ ಬೀಜ ಅದು. “ಕೊಡೋವಾಗ ಬಿತ್ತನೆ ಬೀಜ ಅಂದ್ರಾ ಯಜಮಾನ್ರೇ?” ಎಂದು ಕೇಳಿದೆ. “ಅಂದ್ರು. ಗುರುತಿನೋರು, ನಂಬಿದೆ” ಎಂದರು. ಎಕರೆಗೆ ಸುಮಾರು 40ರಿಂದ 50 ಕಿಲೋ ಬೀಜ ಬೇಕು. ಅದರ ಬೆಲೆ ಹೋಯಿತು. ಬಾಡಿಗೆ ಎತ್ತು, ಗೊಬ್ಬರ, ಕೂಲಿ ಹೋಯಿತು. ಎಲ್ಲಕ್ಕಿಂತ ಹೆಚ್ಚಾಗಿ ಹದ ಹೋಯಿತು. ನಮ್ಮ ಸೀಮೆಯಲ್ಲಿ ಬಿತ್ತನೆಯ ಹದ ವರ್ಷಕ್ಕೆ ಒಮ್ಮೆ ಸಿಕ್ಕರೆ ಪುಣ್ಯ. ತಪ್ಪಿದ ಹದವನ್ನು ಯಾವ ಪರಿಹಾರವೂ ತಂದುಕೊಡಲಾರದು. ಅವರು ಜಗಳಕ್ಕೆ ಬಂದವರಲ್ಲ. ಇನ್ನೊಮ್ಮೆ ಬಿತ್ತಲು ಬೀಜ ಸಾಲವಾಗಿ ಸಿಕ್ಕೀತೇ ಎಂದು ಕೇಳಲು ಬಂದಿದ್ದರು.

ಗುರುತಿನವರು ಎಂಬ ಮಾತನ್ನು ಗಮನಿಸಿ. ವಸುವಿನ ದಾಕ್ಷಿಣ್ಯ ನಮ್ಮ ಮಂಡಿಗಳಲ್ಲಿ ದಿನವೂ ನಡೆಯುತ್ತದೆ. ಸಂಬಂಧಿಕರ ಮಾಲು ಉಳಿದಿದೆ, ಬಿತ್ತನೆಗೆ ಆಗುತ್ತದೆಂದು ಒಂದು ಮಾತು ಹೇಳಿಬಿಡಿ ಎನ್ನುತ್ತಾರೆ. ಹೇಳುವವನಿಗೆ ಒಂದು ರೂಪಾಯಿಯೂ ಬರುವುದಿಲ್ಲ, ಸಂಕೋಚಕ್ಕಾಗಿ ಹೇಳುತ್ತಾನೆ. ಅವನೂ ಅಜ ಶಬ್ದದ ಅರ್ಥವನ್ನು ತಿಳಿದೇ ತಿರುಗಿಸುತ್ತಾನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆಯಷ್ಟೆ. ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಅವುಗಳಲ್ಲೊಂದು. ಒಂದರಂತೆ ಕಾಣುವ ಇನ್ನೊಂದನ್ನು ಮಾರುವ ಪ್ರತಿರೂಪಕ ವ್ಯವಹಾರ ಮತ್ತೊಂದು. ಮೊಳೆಯದ ಬೀಜವನ್ನು ಬಿತ್ತನೆ ಬೀಜವೆಂದು ಮಾರುವುದಕ್ಕಿಂತ ಶುದ್ಧವಾದ ಪ್ರತಿರೂಪಕ ವ್ಯವಹಾರ ಯಾವುದಿದೆ? ಹಾಲಿಗೆ ನೀರು ಬೆರೆಸಿದರೆ ಆ ದಿನದ ಹಾಲು ಕೆಡುತ್ತದೆ, ಇಲ್ಲಿ ಒಂದು ಸಂಸಾರದ ವರ್ಷವೇ ಕೆಡುತ್ತದೆ.

ಸರಕಾರವೂ ಈ ವಿಷಯದಲ್ಲಿ ಕಾಯಿದೆ ಮಾಡಿದೆ. 1966ರ ಬೀಜ ಕಾಯಿದೆಯ ಪ್ರಕಾರ ಬಿತ್ತನೆ ಬೀಜದ ಚೀಲದ ಚೀಟಿಯಲ್ಲಿ ಮೊಳಕೆಯ ಪ್ರಮಾಣ ಇರಬೇಕು. ಪ್ರಮಾಣಿತ ಶೇಂಗಾಕ್ಕೆ ಅದು ಕನಿಷ್ಠ ನೂರಕ್ಕೆ 70. ಭತ್ತಕ್ಕೆ 80, ಜೋಳಕ್ಕೆ 75. ಪ್ರಯೋಗಶಾಲೆಯಲ್ಲಿ ಶೇಂಗಾವನ್ನು ಹತ್ತನೆಯ ದಿನ ಎಣಿಸಿ ಹೇಳುತ್ತಾರೆ. ಅದಕ್ಕೆ ಪ್ರಯೋಗಶಾಲೆಯೇ ಬೇಕೆಂದಿಲ್ಲ. ನೂರು ಬೀಜ ಎಣಿಸಿ ಒದ್ದೆಯ ಗೋಣಿತಾಟಿನಲ್ಲಿ ಸಾಲಾಗಿ ಇಟ್ಟು ಸುತ್ತಿ, ನೆರಳಿನಲ್ಲಿರಿಸಿ, ಒಣಗದಂತೆ ನೀರು ಚಿಮುಕಿಸುತ್ತಿದ್ದರೆ ವಾರ ಹತ್ತು ದಿನಗಳಲ್ಲಿ ಬೀಜವೇ ಸಾಕ್ಷಿ ಹೇಳುತ್ತದೆ. ಆ ಸಾಕ್ಷಿಗೆ ಗುರುಪತ್ನಿಯ ದಾಕ್ಷಿಣ್ಯವಿಲ್ಲ.

ಈಗ ತರುಣರ ಪ್ರಶ್ನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹನ್ನೊಂದು ಪ್ರತಿಮೆಗಳನ್ನು ಹೇಳುವಾಗ ಐದನೆಯದಾಗಿ ಸಚಿತ್ತವಿರತನನ್ನು ಹೇಳಿದ್ದಾರೆ. ಹಸಿಯಾದ ಬೇರು, ಕಾಯಿ, ಸೊಪ್ಪು, ಕಳಲೆ, ಗೆಡ್ಡೆ, ಹೂವು, ಬೀಜಗಳನ್ನು ತಿನ್ನದವನು ಅವನು. ಅವನನ್ನು ದಯಾಮೂರ್ತಿಯೆಂದು ಕರೆದಿದ್ದಾರೆ. ಗಮನಿಸಬೇಕಾದದ್ದು ದಯೆ ಎಂಬ ಶಬ್ದ. ಮೊಳಕೆ ಅಪವಿತ್ರ, ಮುಟ್ಟಬಾರದು ಎಂದು ಅವರು ಹೇಳಲಿಲ್ಲ. ಆಗತಾನೆ ಹುಟ್ಟಿದ ಜೀವವನ್ನು ನಾಲಗೆಯ ಚಪಲಕ್ಕಾಗಿ ಜಗಿಯಬಾರದೆಂಬುದೇ ಭಾವ. ಪಲ್ಯಕ್ಕೆ ಮೊಳೆಯಿಸುವಾಗ ನಾವು ಜೀವವನ್ನು ಕರೆಯುವುದು ಕೊಲ್ಲುವುದಕ್ಕೆ. ಅಂಕುರಾರ್ಪಣೆಯಲ್ಲಿ ಕರೆಯುವುದು ಇರಗೊಡುವುದಕ್ಕೆ. ಬಟ್ಟೆಯಲ್ಲಿ ಕಟ್ಟಿದ ಹೆಸರುಕಾಳಿಗೂ ಕುಡಿಕೆಯ ಮಣ್ಣಿನಲ್ಲಿ ಬಿತ್ತಿದ ಹೆಸರುಕಾಳಿಗೂ ಇರುವ ಭೇದ ಅಷ್ಟೇ. ಅಸಿ, ಮಸಿಗಳೊಡನೆ ಕೃಷಿಯನ್ನೂ ವಾಣಿಜ್ಯವನ್ನೂ ಪ್ರಜೆಗಳಿಗೆ ಕಲಿಸಿದ ಆದಿನಾಥ ಸ್ವಾಮಿಯ ಪರಂಪರೆಯಲ್ಲಿ ಬಿತ್ತುವುದು ನಿಂದ್ಯವಾದ ಕೆಲಸವಲ್ಲ.

ಆಶಾಧರಸೂರಿಗಳ ಪ್ರತಿಷ್ಠಾಸಾರೋದ್ಧಾರ, ನೇಮಿಚಂದ್ರರ ಪ್ರತಿಷ್ಠಾತಿಲಕಗಳನ್ನು ಆಧರಿಸಿ ವಿಧಿಗಳನ್ನು ನಡೆಸುವ ನಮ್ಮ ಪ್ರತಿಷ್ಠಾಚಾರ್ಯರು ಅಂಕುರಾರ್ಪಣೆಯ ಮಂತ್ರಾರ್ಥವನ್ನು ನನಗಿಂತ ಚೆನ್ನಾಗಿ ತಿಳಿಸಬಲ್ಲರು. ನಾನು ಕಂಡುಕೊಂಡ ಒಂದು ಸಂಗತಿಯನ್ನಷ್ಟೇ ಹೇಳುತ್ತೇನೆ. ಪಂಚಕಲ್ಯಾಣದಲ್ಲಿ ಮೊದಲನೆಯದು ಗರ್ಭಕಲ್ಯಾಣ, ಕೊನೆಯದು ಮೋಕ್ಷಕಲ್ಯಾಣ. ಇಂದು ಮೊಳೆಯುವ ಬೀಜದಿಂದ ಆರಂಭಿಸಿದ್ದೇವೆ. ತತ್ತ್ವಾರ್ಥದ ಭಾಷ್ಯಕಾರರು ಮೋಕ್ಷಕ್ಕೆ ಕೊಟ್ಟ ದೃಷ್ಟಾಂತವಾದರೋ ಸುಟ್ಟ ಬೀಜದ್ದು: ಸುಟ್ಟ ಬೀಜ ಹೇಗೆ ಮೊಳೆಯದೋ ಹಾಗೆ ಕರ್ಮಬೀಜ ಸುಟ್ಟವನಿಗೆ ಭವದ ಅಂಕುರವಿಲ್ಲ. ಸಿದ್ಧಪರಮೇಷ್ಠಿಯೇ ನಿಜವಾದ ಅಜ. ಐದು ದಿನಗಳಲ್ಲಿ ನಾವು ಮೊಳೆಯುವ ಬೀಜದಿಂದ ಮೊಳೆಯದ ಬೀಜದವರೆಗೆ ನಡೆದುಹೋಗುತ್ತೇವೆ. ಆದರೆ ತನ್ನ ಕರ್ಮಬೀಜವನ್ನು ತಾನೇ ಸುಡುವುದು ಬೇರೆ, ರೈತನ ಬಿತ್ತನೆ ಬೀಜವನ್ನು ಗೋದಾಮಿನಲ್ಲಿ ಸಾಯಿಸಿ ಮಾರುವುದು ಬೇರೆ!

ಒಂದೆರಡು ಬಿನ್ನಹಗಳು. ಪ್ರತಿಷ್ಠೆ ಮುಗಿದ ಮೇಲೆ ಅಂಕುರದ ಕುಡಿಕೆಗಳನ್ನು ಮೂಲೆಗೆ ಸರಿಸಿ, ನೀರಿಲ್ಲದೆ ಒಣಗಲು ಬಿಡುವುದನ್ನು ಕೆಲವು ಕಡೆ ಕಂಡಿದ್ದೇನೆ. ಇಲ್ಲಿ ಹಾಗಾಗುವುದು ಬೇಡ. ನನ್ನಿವಾಳದ ದಾರಿಯಲ್ಲಿರುವ ನಮ್ಮ ಹೊಲದಲ್ಲಿ ಬೋರಿನ ನೀರಿದೆ. ಆಚಾರ್ಯರ ಅಪ್ಪಣೆಯಾದರೆ ಮಹೋತ್ಸವದ ಮರುದಿನ ಎಲ್ಲ ಕುಡಿಕೆಗಳನ್ನು ಅಲ್ಲಿಗೆ ಒಯ್ದು ಸಾಲಾಗಿ ನೆಡಿಸುತ್ತೇನೆ. ಬರುವ ತರುಣರಿದ್ದರೆ ಬೆಳಿಗ್ಗೆ ಏಳು ಗಂಟೆಗೆ ಬಸದಿಯ ಮುಂದೆ ಸೇರಲಿ, ಗಾಡಿ ನಮ್ಮದು.

ಇನ್ನೊಂದು ಮಾತು ವ್ಯಾಪಾರಿ ಬಂಧುಗಳಿಗೆ. ಬಿತ್ತನೆಗೆ ಇನ್ನು ಒಂದೂವರೆ ತಿಂಗಳಿದೆ. ಬಿತ್ತನೆಗೆಂದು ಶೇಂಗಾ ಕೊಡುವವರು ಪ್ರತಿ ರಾಶಿಯಿಂದ ನೂರು ಬೀಜ ತೆಗೆದು ತಾಟಿನಲ್ಲಿ ಕಟ್ಟಿ ನೋಡಿರಿ; ಎಪ್ಪತ್ತಕ್ಕೆ ಕಡಿಮೆ ಹುಟ್ಟಿದ ರಾಶಿಯನ್ನು ಗಾಣಕ್ಕೆ ಹಾಕಿರಿ. ತಾಟು ಕಟ್ಟುವ ಕ್ರಮ ತಿಳಿಯದವರು ನಮ್ಮ ಅಂಗಡಿಗೆ ಬಂದರೆ ತೋರಿಸಿಕೊಡುತ್ತೇವೆ. ಆ ವೃದ್ಧ ರೈತರಿಗೆ ಕೊಟ್ಟ ಬೀಜವನ್ನೂ ಹಾಗೆಯೇ ನೋಡಿ ಕೊಟ್ಟೆವು. ನೂರಕ್ಕೆ ಎಂಬತ್ತೆರಡು ಹುಟ್ಟಿದ್ದವು.